ಹಳೆಯ ಹೆರಾಲ್ಡ್ ಕಾರಿನ ಸ್ಟೀರಿಂಗ್ ರ‍್ಯಾಕು ಬದಲಿಸುವ ಬಗೆ

ಎಂಜಿನು ಕೆಟ್ಟರೆ ಕಾರು ನಿಲ್ಲುತ್ತದೆ. ಸ್ಟೀರಿಂಗ್ ಕೆಟ್ಟರೆ ಕಾರು ಓಡುತ್ತಲೇ ಇರುತ್ತದೆ, ಆದರೆ ನಾವು ಹೇಳಿದ ಕಡೆಗೆ ಹೋಗುವುದಿಲ್ಲ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪಾಠವನ್ನು ಓದಬೇಕೆಂದು ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ.

ಶಂಶಾಬಾದಿನ ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ, ಬೀದರ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರೇ ಹೆಚ್ಚು. ಕೆಲವರು 2008ರಲ್ಲಿ ಆರಂಭವಾದ ವಿಮಾನ ನಿಲ್ದಾಣದ ಸುತ್ತಿನ ಗೋದಾಮುಗಳಲ್ಲಿದ್ದಾರೆ. ಕೆಲವರು ಕಚೇರಿಗಳಲ್ಲಿ ಬರವಣಿಗೆಯ ಕೆಲಸದಲ್ಲಿದ್ದಾರೆ. ಮತ್ತೆ ಕೆಲವರು ಬೆಂಗಳೂರು ಹೆದ್ದಾರಿಯ ಬದಿಯ ಗ್ಯಾರೇಜುಗಳಲ್ಲಿ ಉಸ್ತಾದರ ಕೈಕೆಳಗೆ ಪಾನಾ ಹಿಡಿದಿದ್ದಾರೆ. ಗ್ಯಾರೇಜಿನ ಮಾತು ತೆಲುಗು ಇಲ್ಲವೆ ಹಿಂದಿ. ಕಾರಿನ ಕೈಪಿಡಿ ಇಂಗ್ಲಿಷು. ಇವುಗಳ ನಡುವೆ ನಮ್ಮ ಹುಡುಗನು 'ಇದನ್ನು ಬಿಚ್ಚು, ಅದನ್ನು ಬಿಗಿ' ಎಂಬ ಅಪ್ಪಣೆಯ ಮೇಲೆಯೇ ಕೆಲಸ ಕಲಿಯಬೇಕಾಗುತ್ತದೆ. ಏಕೆ ಬಿಚ್ಚಬೇಕು, ಯಾವುದನ್ನು ಮೊದಲು ಬಿಚ್ಚಬೇಕು ಎಂದು ನಿಂತು ವಿವರಿಸುವಷ್ಟು ಬಿಡುವು ಅಲ್ಲಿ ಯಾರಿಗೂ ಇರುವುದಿಲ್ಲ. ಆ ವಿವರಣೆಯನ್ನು ಕನ್ನಡದಲ್ಲಿ ಕೊಡುವುದೇ ಈ ಲೇಖನದ ಉದ್ದೇಶ. ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರು, ಮಿಸ್ತ್ರಿಗಳಲ್ಲ. ಓದಿ ತಿಳಿದದ್ದನ್ನು ಕ್ರಮವಾಗಿ ಬರೆದಿಡುವುದು ಮಾತ್ರ ನಮ್ಮ ಕೆಲಸ. ಇದನ್ನು ಓದಿದ ಮಾತ್ರಕ್ಕೆ ಯಾರೂ ಒಬ್ಬರೇ ಈ ಕೆಲಸಕ್ಕೆ ಕೈಹಾಕಕೂಡದು. ಬಲ್ಲ ಉಸ್ತಾದನ ಪಕ್ಕದಲ್ಲಿ ನಿಂತು, ಈ ಬರಹವನ್ನು ಕೈಯಲ್ಲಿಟ್ಟುಕೊಂಡು ಮಾಡತಕ್ಕದ್ದು.

ರ‍್ಯಾಕು ಎಂದರೇನು?

ಒಂದು ಗರಗಸವನ್ನು ಹಲ್ಲು ಮೇಲಾಗಿ ಅಡ್ಡಲಾಗಿ ಇಟ್ಟಿದ್ದೇವೆ ಎಂದುಕೊಳ್ಳಿ. ಅದರ ಹಲ್ಲುಗಳ ಮೇಲೆ ಒಂದು ಸಣ್ಣ ಹಲ್ಲುಚಕ್ರವನ್ನು ಕೂರಿಸಿ ತಿರುಗಿಸಿದರೆ ಗರಗಸವು ಎಡಕ್ಕೆ ಇಲ್ಲವೆ ಬಲಕ್ಕೆ ಸರಿಯುತ್ತದೆ. ಇಷ್ಟೇ ಇದರ ತತ್ತ್ವ. ಹಲ್ಲುಗಳುಳ್ಳ ಸಲಾಕೆಗೆ ರ‍್ಯಾಕು ಎಂದೂ, ಸಣ್ಣ ಹಲ್ಲುಚಕ್ರಕ್ಕೆ ಪಿನಿಯನ್ ಎಂದೂ ಹೆಸರು. ರ‍್ಯಾಕು ಒಂದು ಉದ್ದನೆಯ ಕೊಳವೆಯೊಳಗೆ ಗ್ರೀಸಿನಲ್ಲಿ ಕುಳಿತಿರುತ್ತದೆ. ಪಿನಿಯನ್ನಿನ ದಂಡವು ಕೊಳವೆಯಿಂದ ಹೊರಬಂದು ಸ್ಟೀರಿಂಗ್ ಕಂಬಕ್ಕೆ ಸೇರುತ್ತದೆ. ರ‍್ಯಾಕಿನ ಎರಡು ತುದಿಗಳಿಗೂ ಒಂದೊಂದು ಟೈ ರಾಡು ಇದ್ದು, ಅದರ ಹೊರತುದಿಯ ಬಾಲ್ ಜಾಯಿಂಟು ಮುಂಚಕ್ರದ ತೋಳಿಗೆ ಕೂಡಿರುತ್ತದೆ. ಹೀಗೆ ಕೈಯ ಸುತ್ತು ಸಲಾಕೆಯ ಸರಿತವಾಗಿ, ಸಲಾಕೆಯ ಸರಿತ ಚಕ್ರದ ತಿರುವಾಗುತ್ತದೆ.

ಇದರಲ್ಲಿ ಲೆಕ್ಕದವರಿಗೆ ಮೆಚ್ಚುಗೆಯಾಗುವ ಒಂದು ಸಂಗತಿಯಿದೆ. ಉದಾಹರಣೆಗೆ, ಹಿಡಿಯುವ ಚಕ್ರದ ಅಡ್ಡಳತೆ 40 ಸೆಂಟಿಮೀಟರ್ ಎನ್ನಿ. ಅದು ಒಂದು ಸುತ್ತು ಬಂದರೆ ನಮ್ಮ ಕೈ ಸುಮಾರು 126 ಸೆಂಟಿಮೀಟರ್ ಸಾಗುತ್ತದೆ. ಅಷ್ಟರಲ್ಲಿ ರ‍್ಯಾಕು 4 ಸೆಂಟಿಮೀಟರ್ ಸರಿಯಿತು ಎನ್ನಿ. ಆಗ ಕೈಯ ಓಟ ರ‍್ಯಾಕಿನ ಓಟಕ್ಕಿಂತ ಮೂವತ್ತೊಂದು ಪಾಲಿಗೂ ಹೆಚ್ಚು. ಓಟದಲ್ಲಿ ಕಳೆದುಕೊಂಡದ್ದನ್ನು ಬಲದಲ್ಲಿ ಪಡೆಯುತ್ತೇವೆ. ಉಜ್ಜಾಟಕ್ಕೆ ಹೋಗುವ ಪಾಲನ್ನು ಬಿಟ್ಟರೆ ನಮ್ಮ ಕೈಬಲವೂ ಅಷ್ಟೇ ಪಾಲು ಹೆಚ್ಚಾಗುತ್ತದೆ. ಆದ್ದರಿಂದಲೇ ಬಡಕಲು ಕೈಯಾದರೂ ಕಾರಿನ ಭಾರದ ಮುಂಚಕ್ರಗಳನ್ನು ತಿರುಗಿಸಬಲ್ಲದು.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಹಿಡಿಚಕ್ರದ ಅಂಚಿನಲ್ಲಿ 2 ಸೆಂಟಿಮೀಟರ್ ಸಡಿಲು ಕಂಡಿತು ಎನ್ನಿ. ರ‍್ಯಾಕಿನಲ್ಲಿ ಅದು ಒಂದು ಮಿಲಿಮೀಟರ್ ಕೂಡ ಅಲ್ಲ, ಸುಮಾರು 0.6 ಮಿಲಿಮೀಟರ್ ಮಾತ್ರ. ಅಂದರೆ ಒಳಗೆ ಉಗುರಿನ ದಪ್ಪದಷ್ಟು ಸವೆದರೂ ಹೊರಗೆ ಕೈಗೆ ಗೊತ್ತಾಗುತ್ತದೆ. ಯಂತ್ರವು ಕೈಗೆ ಹೇಳುವ ಈ ಮಾತನ್ನು ಅಸಡ್ಡೆ ಮಾಡಬಾರದು.

ಹೆರಾಲ್ಡ್ ಕಾರನ್ನು ಏಕೆ ಆರಿಸಿದೆವು?

ನಮ್ಮ ದೇಶದ ರಸ್ತೆಗಳಲ್ಲಿ ಓಡಿದ ಸಣ್ಣ ಕಾರುಗಳಲ್ಲಿ ಎರಡು ಬಗೆಯ ಸ್ಟೀರಿಂಗ್ ಇದ್ದವು. ಫಿಯೆಟ್ 1100 ಕಾರಿನಲ್ಲಿ, ಅನಂತರ ಪ್ರೀಮಿಯರ್ ಪದ್ಮಿನಿಯೆಂದು ಹೆಸರಾದ ಅದೇ ಕಾರಿನಲ್ಲಿ, ತಿರುಪಿನ ಮರೆಗಳ ಮೇಲೆ ಉರುಳೆ ಓಡುವ ಪೆಟ್ಟಿಗೆಯಿತ್ತು. ಮಾರಿಸ್ ಮೈನರ್ ಕಾರಿನಲ್ಲಿ ರ‍್ಯಾಕು ಇತ್ತು. ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರು ರೂಪಿಸಿದ ಆ ಕಾರು 1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದಿತು. ನಮ್ಮಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅದನ್ನು ಬೇಬಿ ಹಿಂದೂಸ್ತಾನ್ ಎಂಬ ಹೆಸರಿನಲ್ಲಿ ತಯಾರಿಸಿತು. ಆಮೇಲೆ ಬಂದ ಅಂಬಾಸಿಡರಿನಲ್ಲಿಯೂ ರ‍್ಯಾಕೇ ಇತ್ತು.

ಸ್ಟ್ಯಾಂಡರ್ಡ್ ಹೆರಾಲ್ಡ್ ಈ ಸಾಲಿನದು. ಇಟಲಿಯ ಜೊವಾನಿ ಮಿಕೆಲೊಟ್ಟಿಯವರು ಇದರ ಒಡಲಿನ ರೂಪವನ್ನು ಬರೆದರು. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂದು ಬಂದ ಈ ಕಾರನ್ನು ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪೆನಿಯು 1961ರಿಂದ ನಮ್ಮ ದೇಶದಲ್ಲಿ ತಯಾರಿಸಿತು. ಮೊದಲು ಎರಡು ಬಾಗಿಲಿನದಾಗಿದ್ದು, ಆಮೇಲೆ ನಾಲ್ಕು ಬಾಗಿಲಿನದೂ ಬಂತು. ಈ ನಾಲ್ಕು ಬಾಗಿಲಿನ ಹೆರಾಲ್ಡ್ ಇಂಗ್ಲೆಂಡಿನಲ್ಲಿ ಇರಲಿಲ್ಲ, ನಮ್ಮ ದೇಶಕ್ಕೇ ವಿಶೇಷ. 1970ರ ದಶಕದ ಆರಂಭದಲ್ಲಿ ಇದರ ಸ್ಥಾನಕ್ಕೆ ಗೆಜೆಲ್ ಬಂದಿತು.

ಕಲಿಯುವವನಿಗೆ ಹೆರಾಲ್ಡಿನಂಥ ಪಾಠದ ಹಲಗೆ ಮತ್ತೊಂದಿಲ್ಲ. ಇದರ ಬಾನೆಟ್ಟು ಪಕ್ಕದ ರೆಕ್ಕೆಗಳ ಸಮೇತ ಇಡಿಯಾಗಿ ಮುಂದಕ್ಕೆ ಬಾಗುತ್ತದೆ. ಎಂಜಿನು, ಮುಂಚಕ್ರ, ರ‍್ಯಾಕು ಎಲ್ಲವೂ ನಿಂತಲ್ಲಿಯೇ ಕಣ್ಣಿಗೆ ಬೀಳುತ್ತವೆ. ಇದರ ಮುಂಚಕ್ರಗಳು ಬಹಳ ಓರೆಯಾಗಿ ತಿರುಗಬಲ್ಲವಾದ್ದರಿಂದ 25 ಅಡಿ ಅಡ್ಡಳತೆಯ ಸುತ್ತಿನಲ್ಲಿ ಕಾರು ಪೂರ್ತಿ ತಿರುಗುತ್ತದೆಂದು ಹೆಸರಾಗಿತ್ತು. 50 ವರ್ಷ ದಾಟಿದ ಹಳೆಯ ವಾಹನಗಳಿಗಾಗಿ ಕೇಂದ್ರ ಸರ್ಕಾರವು 2021ರಲ್ಲಿ ಪ್ರತ್ಯೇಕ ನೋಂದಣಿಯ ನಿಯಮ ಮಾಡಿದ ಮೇಲೆ ಇಂಥ ಕಾರುಗಳನ್ನು ರಿಪೇರಿ ಮಾಡಿಸಿ ಇಟ್ಟುಕೊಳ್ಳುವವರಿಗೆ ದಾರಿ ಸುಗಮವಾಗಿದೆ. ಹಳೆಯ ಕಾರಿನ ಕೆಲಸ ಬಲ್ಲವನಿಗೆ ಕೂಲಿಯೂ ಮರ್ಯಾದೆಯೂ ಉಂಟು.

ಮೊದಲು ರೋಗ ಯಾವುದೆಂದು ನೋಡಿ

ಸ್ಟೀರಿಂಗ್ ಸಡಿಲಾದ ಕೂಡಲೇ ರ‍್ಯಾಕು ಹೋಯಿತೆಂದು ಹೇಳುವ ರೂಢಿ ಇದೆ. ಅದರಿಂದ ಯಜಮಾನನ ಹಣವೂ ಹಾಳು, ರೋಗವೂ ಉಳಿಯುತ್ತದೆ. ಕಾರು ನೇರ ರಸ್ತೆಯಲ್ಲಿ ಅತ್ತಿತ್ತ ಎಳೆಯುವುದು, ಗುಂಡಿಗೆ ಬಿದ್ದಾಗ ಮುಂದೆ 'ಟಕ್' ಎಂಬ ಸದ್ದಾಗುವುದು, ಹಿಡಿಚಕ್ರವನ್ನು ತುಸು ತಿರುಗಿಸಿದರೂ ಚಕ್ರ ಕದಲದಿರುವುದು, ಟೈರು ಒಂದು ಅಂಚಿನಲ್ಲಿ ಗರಿಗರಿಯಾಗಿ ಸವೆಯುವುದು ಇವು ಲಕ್ಷಣಗಳು. ಇವು ಐದಾರು ಕಾರಣಗಳಿಂದ ಬರಬಹುದು.

ಪರೀಕ್ಷೆಗೆ ಇಬ್ಬರು ಬೇಕು. ಕಾರು ನೆಲದ ಮೇಲೆಯೇ ನಿಂತಿರಲಿ, ಎಂಜಿನು ಆರಿರಲಿ. ಒಬ್ಬನು ಹಿಡಿಚಕ್ರವನ್ನು ಎಡಕ್ಕೂ ಬಲಕ್ಕೂ ನಾಲ್ಕು ಬೆರಳಿನಷ್ಟು ಅಲ್ಲಾಡಿಸುತ್ತಿರಲಿ. ಇನ್ನೊಬ್ಬನು ಬಾನೆಟ್ಟು ತೆರೆದು ಹೀಗೆ ಕ್ರಮವಾಗಿ ನೋಡಲಿ:

ಒಂದು: ಸ್ಟೀರಿಂಗ್ ಕಂಬ ತಿರುಗುತ್ತಿದ್ದು, ಕೆಳಗಿನ ಪಿನಿಯನ್ ದಂಡ ತಿರುಗದಿದ್ದರೆ ದೋಷ ನಡುವಣ ಜೋಡಣೆಯಲ್ಲಿದೆ.

ಎರಡು: ರ‍್ಯಾಕಿನ ಕೊಳವೆಯೇ ಅತ್ತಿತ್ತ ಸರಿಯುತ್ತಿದ್ದರೆ ಅದನ್ನು ಹಿಡಿದಿರುವ ರಬ್ಬರು ಸೋತಿದೆ. ಹೆರಾಲ್ಡಿನಲ್ಲಿ ಕೊಳವೆಯನ್ನು ಎರಡು ಯು ಬೋಲ್ಟುಗಳು ರಬ್ಬರಿನ ಮೂಲಕ ಚಾಸಿಗೆ ಬಿಗಿದಿರುತ್ತವೆ. ಎಂಜಿನಿನಿಂದ ತೊಟ್ಟಿಕ್ಕುವ ಎಣ್ಣೆ ಕುಡಿದು ಆ ರಬ್ಬರು ಅಂಟಿನಂತೆ ಮೆತ್ತಗಾಗುವುದು ತೀರಾ ಸಾಮಾನ್ಯ. ಆಗ ರ‍್ಯಾಕು ಬದಲಿಸಬೇಕಾಗಿಲ್ಲ, ರಬ್ಬರು ಬದಲಿಸಿದರೆ ಸಾಕು.

ಮೂರು: ಪಿನಿಯನ್ ತಿರುಗಿದರೂ ಟೈ ರಾಡು ತಡವಾಗಿ ಕದಲಿದರೆ ಸವೆತ ರ‍್ಯಾಕಿನ ಹಲ್ಲುಗಳಲ್ಲಿ, ಇಲ್ಲವೆ ರ‍್ಯಾಕಿನ ತುದಿಯ ಒಳಬಾಲ್ ಜಾಯಿಂಟಿನಲ್ಲಿ ಇದೆ.

ನಾಲ್ಕು: ಟೈ ರಾಡು ಕದಲಿದರೂ ಚಕ್ರದ ತೋಳು ಕದಲದಿದ್ದರೆ ಹೊರಗಿನ ಬಾಲ್ ಜಾಯಿಂಟು ಸವೆದಿದೆ.

ಐದು: ಇವೆಲ್ಲ ಸರಿಯಿದ್ದರೆ ಚಕ್ರವನ್ನು ಜ್ಯಾಕಿನಿಂದೆತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ಬೇರಿಂಗು ಮತ್ತು ಕೆಳಗಿನ ಹಿತ್ತಾಳೆಯ ಟ್ರನಿಯನ್ನು ನೋಡಬೇಕು. ಹೆರಾಲ್ಡಿನ ಟ್ರನಿಯನ್ನಿಗೆ ಗ್ರೀಸು ಸಲ್ಲದು, ದಪ್ಪ ಗೇರ್ ಎಣ್ಣೆಯನ್ನೇ ಹಾಕಬೇಕು. ಒಣಗಿದ ಟ್ರನಿಯನ್ನಿನಿಂದ ಚಕ್ರದ ಕಂಬವೇ ಮುರಿದು ಚಕ್ರ ಮಡಚಿಕೊಳ್ಳುವುದುಂಟು.

ಮೂರನೆಯ ದೋಷ ಕಂಡಾಗ ಮಾತ್ರ ರ‍್ಯಾಕಿಗೆ ಕೈಹಾಕತಕ್ಕದ್ದು. ರ‍್ಯಾಕಿನಲ್ಲಿ ಸವೆತವನ್ನು ತುಸು ಬಿಗಿಮಾಡಲು ಏರ್ಪಾಡಿದೆಯಲ್ಲ ಎಂದು ಕೇಳಬಹುದು. ಇದೆ. ಆದರೆ ಕಾರು ತನ್ನ ಆಯುಷ್ಯದ ಬಹುಪಾಲು ನೇರವಾಗಿಯೇ ಓಡುವುದರಿಂದ ರ‍್ಯಾಕಿನ ನಡುವಿನ ಹಲ್ಲುಗಳು ಮಾತ್ರ ಸವೆಯುತ್ತವೆ, ತುದಿಯ ಹಲ್ಲುಗಳು ಹೊಸದರಂತೆಯೇ ಇರುತ್ತವೆ. ನಡುವಿಗೆ ಸರಿಹೋಗುವಂತೆ ಬಿಗಿದರೆ ತಿರುವಿನ ಕೊನೆಯಲ್ಲಿ ಅದು ಕಚ್ಚಿಕೊಳ್ಳುತ್ತದೆ. ತಿರುವಿನಲ್ಲಿ ಕಚ್ಚಿದ ಸ್ಟೀರಿಂಗ್ ಸಡಿಲು ಸ್ಟೀರಿಂಗಿಗಿಂತಲೂ ಕೆಟ್ಟದ್ದು. ಹಾಗೆ ಕಚ್ಚುವುದಾದರೆ ಬದಲಿಸುವುದೊಂದೇ ದಾರಿ.

ಕಾನೂನು ಏನು ಹೇಳುತ್ತದೆ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೆಯ ನಿಯಮವು ಹಿಡಿಚಕ್ರದ ಸಡಿಲು 30 ಡಿಗ್ರಿಯನ್ನು ಮೀರಕೂಡದೆಂದೂ, ಬಾಲ್ ಜಾಯಿಂಟುಗಳಿಗೆ ರಬ್ಬರಿನ ಟೊಪ್ಪಿಗೆ ಇರಬೇಕೆಂದೂ ವಿಧಿಸುತ್ತದೆ. ನಮ್ಮ ಉದಾಹರಣೆಯ ಹಿಡಿಚಕ್ರದಲ್ಲಿ 30 ಡಿಗ್ರಿಯೆಂದರೆ ಅಂಚಿನಲ್ಲಿ ಹತ್ತೂವರೆ ಸೆಂಟಿಮೀಟರ್. ಇದು ಲಾರಿ ಬಸ್ಸುಗಳಿಗೂ ಸೇರಿಸಿ ಹೇಳಿದ ಕೊನೆಯ ಗಡಿ. ರ‍್ಯಾಕು ಇರುವ ಸಣ್ಣ ಕಾರಿನ ಆರೋಗ್ಯದ ಗುರುತಲ್ಲ. ಅಷ್ಟು ಸಡಿಲಾಗುವವರೆಗೆ ಕಾಯುವುದು ವಿವೇಕವಲ್ಲ.

ಬೇಕಾದ ಸಲಕರಣೆ

ಜ್ಯಾಕು, ಗಟ್ಟಿಯಾದ ಎರಡು ಸ್ಟ್ಯಾಂಡು, ಹಿಂಚಕ್ರಕ್ಕೆ ಕೊಡಲು ಮರದ ಬೆಣೆ, ಎರಡು ಸುತ್ತಿಗೆ, ಬಾಲ್ ಜಾಯಿಂಟು ಬಿಡಿಸುವ ಪುಲ್ಲರು, ಅಳತೆಯ ಟೇಪು, ಸೀಮೆಸುಣ್ಣ, ಬ್ಯಾಟರಿ ದೀಪ, ಗ್ರೀಸು, ಒಂದು ನೋಟುಪುಸ್ತಕ. ಇಟ್ಟಿಗೆ ಅಥವಾ ಸಿಮೆಂಟಿನ ಟೊಳ್ಳು ಕಲ್ಲುಗಳ ಮೇಲೆ ಕಾರನ್ನು ನಿಲ್ಲಿಸಿ ಕೆಳಗೆ ತೂರಕೂಡದು. ಅವು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತವೆ. ಜ್ಯಾಕು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕೆ ಸ್ಟ್ಯಾಂಡೇ ಬೇಕು.

ಪಾನಾಗಳ ವಿಷಯದಲ್ಲಿ ಎಚ್ಚರಿಕೆ. ಹೆರಾಲ್ಡಿನ ನಟ್ಟುಗಳು ಇಂಚಿನ ಅಳತೆಯವು, ಇಂದಿನ ಪೆಟ್ಟಿಗೆಯಲ್ಲಿರುವುದು ಮಿಲಿಮೀಟರ್ ಪಾನಾ. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್, 13ರ ಪಾನಾ ತುಸು ಸಡಿಲಾದರೂ ಹಿಡಿಯುತ್ತದೆ. ಆದರೆ 7/16 ಇಂಚು ಎಂದರೆ 11.1, ಅದಕ್ಕೆ 11ರ ಪಾನಾ ಕೂರದು, 12ರದು ಜಾರಿ ನಟ್ಟಿನ ಮೂಲೆಗಳನ್ನು ತಿನ್ನುತ್ತದೆ. 9/16 ಇಂಚು ಎಂದರೆ 14.3, ಅದಕ್ಕೆ 14 ಸಾಲದು, 15 ಹೆಚ್ಚು. ಇಂಚಿನ ಪಾನಾ ತಂದಿಟ್ಟುಕೊಂಡ ಮೇಲೆಯೇ ಕೆಲಸಕ್ಕೆ ಕೂರಬೇಕು. ಹಿಂದಿನ ರಾತ್ರಿಯೇ ಎಲ್ಲ ಮರೆಗಳನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಬೆಳಿಗ್ಗೆ ಅರ್ಧ ಕೆಲಸ ಆದಂತೆಯೇ.

ಹೊಸ ರ‍್ಯಾಕನ್ನು ಕೊಳ್ಳುವಾಗ

ಹೆರಾಲ್ಡಿನ ಬಿಡಿಭಾಗಗಳನ್ನು ಈಗ ಇಂಗ್ಲೆಂಡಿನಿಂದ ತರಿಸುವವರೇ ಹೆಚ್ಚು. ಅಲ್ಲಿ ಎಡಗೈ ಕಡೆ ಸ್ಟೀರಿಂಗ್ ಇರುವ ದೇಶಗಳಿಗಾಗಿ ಮಾಡಿದ ರ‍್ಯಾಕೂ ದೊರೆಯುತ್ತದೆ. ಅದು ನಮ್ಮ ಕಾರಿಗೆ ಸಲ್ಲದು. ಬಲಗೈ ಕಡೆಯದೇ ಎಂದು ಬರೆಸಿ ಕೇಳಬೇಕು. ಬಂದ ಮೇಲೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಮಲಗಿಸಿ ಉದ್ದ, ಪಿನಿಯನ್ ಇರುವ ಜಾಗ, ಟೈ ರಾಡಿನ ಮರೆ ಇವುಗಳನ್ನು ಹೋಲಿಸಬೇಕು. ಪಿನಿಯನ್ನನ್ನು ಬಲಕ್ಕೆ ತಿರುಗಿಸಿದಾಗ ಎರಡು ರ‍್ಯಾಕುಗಳೂ ಒಂದೇ ಕಡೆಗೆ ಸರಿಯಬೇಕು. ಬೇರೆ ಕಡೆಗೆ ಸರಿದರೆ ಅದನ್ನು ಹಾಕಿದ ಕಾರು ಬಲಕ್ಕೆ ತಿರುಗಿಸಿದರೆ ಎಡಕ್ಕೆ ಹೋಗುತ್ತದೆ! ಕೊನೆಯಿಂದ ಕೊನೆಗೆ ಓಡಿಸಿದಾಗ ಎಲ್ಲಿಯೂ ತಡೆಯಬಾರದು; ಒಳಗೆ ಗ್ರೀಸು ತುಂಬಿರಬೇಕು; ಎರಡು ತುದಿಯ ರಬ್ಬರ್ ಬೂಟುಗಳಲ್ಲಿ ಬಿರುಕಿರಬಾರದು.

ಮುರಿದ ಅಥವಾ ಬಾಗಿದ ರ‍್ಯಾಕು, ಟೈ ರಾಡು, ಚಕ್ರದ ತೋಳು ಇವುಗಳನ್ನು ವೆಲ್ಡ್ ಮಾಡಿಸಿ ಅಥವಾ ಕಾಯಿಸಿ ನೇರಮಾಡಿ ಹಾಕುವುದು ಎಂದಿಗೂ ಕೂಡದು. ಈ ಉಕ್ಕಿಗೆ ಕಾರ್ಖಾನೆಯಲ್ಲಿ ಹದ ಕೊಟ್ಟಿರುತ್ತಾರೆ. ಬೆಂಕಿ ತಗಲಿದರೆ ಹದ ಹೋಗುತ್ತದೆ. ಆ ದಿನ ಗಟ್ಟಿಯಾಗಿ ಕಂಡು, ಇನ್ನೊಂದು ದಿನ ರಸ್ತೆಯಲ್ಲಿ ಮುರಿಯುತ್ತದೆ.

ಬಿಚ್ಚುವ ಕ್ರಮ

1. ಸಮನೆಲದಲ್ಲಿ ಕಾರನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕು ಎಳೆದು, ಹಿಂಚಕ್ರಗಳಿಗೆ ಬೆಣೆ ಕೊಡಿ. ಬ್ಯಾಟರಿಯ ಅರ್ತ್ ತಂತಿಯನ್ನು ಬಿಡಿಸಿ. ಹಾರ್ನಿನ ತಂತಿ ಸ್ಟೀರಿಂಗ್ ಕಂಬದ ಬಳಿ ಇರುವುದರಿಂದ ಇದು ಅವಶ್ಯ.

2. ಚಕ್ರಗಳು ನೆಲದ ಮೇಲಿರುವಾಗಲೇ ಅವುಗಳ ನಟ್ಟುಗಳನ್ನು ಕಾಲು ಸುತ್ತು ಸಡಿಲಿಸಿ. ಅನಂತರ ಎತ್ತಿ, ಚಾಸಿಯ ಕೆಳಗೆ ಸ್ಟ್ಯಾಂಡು ಕೊಟ್ಟು, ಕಾರನ್ನು ಕೈಯಿಂದ ನೂಕಿ ಅಲುಗುವುದಿಲ್ಲವೆಂದು ಖಚಿತಪಡಿಸಿಕೊಂಡು ಚಕ್ರಗಳನ್ನು ತೆಗೆಯಿರಿ.

3. ಸ್ಟೀರಿಂಗನ್ನು ನೇರಕ್ಕೆ ತನ್ನಿ. ಕಂಬ ಮತ್ತು ಪಿನಿಯನ್ ಕೂಡುವಲ್ಲಿ ಎರಡರ ಮೇಲೂ ಹಾಯುವಂತೆ ಒಂದು ಗುರುತು ಹಾಕಿ.

4. ಒಂದು ಬದಿಯ ಹೊರಬಾಲ್ ಜಾಯಿಂಟಿನ ನಡುವಿನಿಂದ ಇನ್ನೊಂದು ಬದಿಯದರ ನಡುವಿನವರೆಗೆ ಅಳೆದು ಬರೆದಿಡಿ. ಎರಡು ಬದಿಗಳಲ್ಲಿಯೂ ಹೊರಗೆ ಕಾಣುವ ಮರೆಗಳನ್ನು ಎಣಿಸಿ ಬರೆಯಿರಿ. ಈ ಎರಡು ಅಂಕಿಗಳೇ ಮುಂದೆ ನಿಮ್ಮ ದಾರಿಯ ಕಲ್ಲುಗಳು.

5. ಟೈ ರಾಡಿನ ಚೆಕ್ ನಟ್ಟನ್ನು ಸಡಿಲಿಸಿ. ಬಾಲ್ ಜಾಯಿಂಟಿನ ನಟ್ಟನ್ನು ಪೂರಾ ತೆಗೆಯದೆ ಎರಡು ಮರೆಯ ಮೇಲೆ ಉಳಿಸಿ, ಪುಲ್ಲರಿನಿಂದ ಬಿಡಿಸಿ. ಪುಲ್ಲರು ಇಲ್ಲದಿದ್ದರೆ ತೋಳಿನ ಕಣ್ಣಿನ ಒಂದು ಪಕ್ಕಕ್ಕೆ ಭಾರವಾದ ಸುತ್ತಿಗೆಯನ್ನು ಆನಿಸಿ, ಎದುರು ಪಕ್ಕಕ್ಕೆ ಇನ್ನೊಂದರಿಂದ ಚುರುಕಾಗಿ ಹೊಡೆಯಬೇಕು. ಪಿನ್ನಿನ ತುದಿಗೆ ಹೊಡೆದರೆ ಮರೆ ಕೆಡುತ್ತದೆ. ಉಳಿಸಿದ ನಟ್ಟು ಜಾಯಿಂಟು ತಟ್ಟನೆ ಹಾರಿ ಕೈಗೆ ಬೀಳದಂತೆ ಕಾಯುತ್ತದೆ.

6. ಪಿನಿಯನ್ ಮತ್ತು ಕಂಬವನ್ನು ಹಿಡಿದಿರುವ ಬೋಲ್ಟನ್ನು ಸಡಿಲಿಸಿ ಬಿಡದೆ ಪೂರ್ತಿಯಾಗಿ ಹೊರತೆಗೆಯಿರಿ. ಅಲ್ಲಿ ಹಾರ್ನಿನ ಸಣ್ಣ ಅರ್ತ್ ತಂತಿ ಇದ್ದರೆ ಅದು ಎಲ್ಲಿಂದ ಎಲ್ಲಿಗೆ ಇತ್ತೆಂದು ಬರೆದಿಟ್ಟು ಬಿಡಿಸಿ.

7. ಎರಡು ಯು ಬೋಲ್ಟುಗಳ ನಾಲ್ಕು ನಟ್ಟುಗಳನ್ನು ತೆಗೆಯಿರಿ. ಕೊಳವೆಯ ಕೆಳಗಿರುವ ಅಲ್ಯೂಮಿನಿಯಂ ತುಂಡುಗಳೂ ರಬ್ಬರುಗಳೂ ಯಾವ ಕಡೆಯವು, ಯಾವ ಮುಖ ಮೇಲೆ ಇತ್ತು ಎಂಬುದನ್ನು ಗುರುತುಮಾಡಿ. ರೇಡಿಯೇಟರಿನ ರಬ್ಬರು ಕೊಳವೆ ಅಡ್ಡವಾದರೆ ಎಂಜಿನು ತಣ್ಣಗಾದ ಮೇಲೆಯೇ ನೀರಿಳಿಸಿ ಬಿಡಿಸಬೇಕು.

8. ರ‍್ಯಾಕನ್ನು ಮುಂದಕ್ಕೆ ಎಳೆದು ಪಿನಿಯನ್ನನ್ನು ಕಂಬದಿಂದ ಬಿಡಿಸಿ, ಮೆಲ್ಲಗೆ ಪಕ್ಕಕ್ಕೆ ಜಾರಿಸಿ ಹೊರತನ್ನಿ. ಬ್ರೇಕಿನ ಕೊಳವೆಗಳಿಗೆ ತಗಲದಂತೆ ಒಬ್ಬನು ನೋಡುತ್ತಿರಲಿ.

ಕೂರಿಸುವ ಕ್ರಮ

ಮೊದಲ ಕೆಲಸ ರ‍್ಯಾಕಿನ ನಡುವನ್ನು ಕಂಡುಹಿಡಿಯುವುದು. ಪಿನಿಯನ್ನನ್ನು ಒಂದು ಕೊನೆಗೆ ತಿರುಗಿಸಿ, ಅಲ್ಲಿಂದ ಇನ್ನೊಂದು ಕೊನೆಗೆ ಎಷ್ಟು ಸುತ್ತು ಎಂದು ಎಣಿಸಿ. ಮೂರೂವರೆ ಸುತ್ತು ಬಂತೆನ್ನಿ; ಅದರ ಅರ್ಧ ಒಂದೂ ಮುಕ್ಕಾಲು. ಕೊನೆಯಿಂದ ಒಂದೂ ಮುಕ್ಕಾಲು ಸುತ್ತು ಹಿಂದಕ್ಕೆ ತಂದರೆ ಅದೇ ನಡು. ಇದನ್ನು ಬಿಟ್ಟು ಅಂದಾಜಿನಿಂದ ಕೂರಿಸಿದರೆ ಕಾರು ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ ತಿರುಗುತ್ತದೆ.

ಹಿಡಿಚಕ್ರವನ್ನು ನೇರವಿಟ್ಟು, ನಡುವಿನಲ್ಲಿರುವ ಪಿನಿಯನ್ನನ್ನು ಕಂಬದ ಗೀರುಗಳಿಗೆ ಸೇರಿಸಿ. ಹೊಸ ರಬ್ಬರುಗಳನ್ನು ಒಣಗಿದಂತೆಯೇ ಹಾಕಿ, ಎಣ್ಣೆ ಸವರಬೇಡಿ. ಯು ಬೋಲ್ಟುಗಳನ್ನು ಮೊದಲು ಬೆರಳಿನಲ್ಲಿ ಮಾತ್ರ ತಿರುಗಿಸಿ. ಕಂಬಕ್ಕೂ ಪಿನಿಯನ್ನಿಗೂ ಸೆಳೆತವಿಲ್ಲದೆ ರ‍್ಯಾಕು ತಾನಾಗಿ ಕುಳಿತ ಮೇಲೆ ನಾಲ್ಕು ನಟ್ಟುಗಳನ್ನು ಸರದಿಯಂತೆ ತುಸುತುಸುವಾಗಿ ಬಿಗಿಯಿರಿ. ಆಮೇಲೆ ಪಿನಿಯನ್ನಿನ ಬೋಲ್ಟನ್ನು ತೂರಿಸಿ ಬಿಗಿಯಿರಿ. ಅದು ನೇರವಾಗಿ ತೂರದಿದ್ದರೆ ಸುತ್ತಿಗೆಯಿಂದ ಹೊಡೆಯಬಾರದು, ಪಿನಿಯನ್ ಪೂರಾ ಒಳಸೇರಿಲ್ಲವೆಂದೇ ಅದರ ಅರ್ಥ.

ಬಾಲ್ ಜಾಯಿಂಟುಗಳನ್ನು ಹೊಸ ಟೈ ರಾಡಿಗೆ ಎರಡು ಬದಿಗೂ ಒಂದೇ ಸಂಖ್ಯೆಯ ಸುತ್ತು ಬರುವಂತೆ ಹತ್ತಿಸಿ, ಬರೆದಿಟ್ಟ ಒಟ್ಟು ಉದ್ದಕ್ಕೆ ತಾಳೆ ನೋಡಿ. ನೈಲಾನ್ ಉಂಗುರವಿರುವ ನಟ್ಟುಗಳನ್ನು ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಬಳಸಬೇಡಿ. ಆ ಉಂಗುರದ ಹಿಡಿತವೇ ನಟ್ಟು ಅಲುಗಾಟದಿಂದ ಸಡಿಲಾಗದಂತೆ ತಡೆಯುವುದು, ಅದು ಒಮ್ಮೆಗೇ ಸವೆದಿರುತ್ತದೆ. ಸ್ಪ್ಲಿಟ್ ಪಿನ್ನು ಇರುವಲ್ಲಿ ಹೊಸ ಪಿನ್ನನ್ನೇ ಹಾಕಬೇಕು. ಬಿಗಿಯುವ ಬಲಕ್ಕೆ ಆ ಕಾರಿನ ಕೈಪಿಡಿಯ ಅಂಕಿಯನ್ನೇ ಅನುಸರಿಸಿ, ಟಾರ್ಕ್ ಪಾನಾದಿಂದ ಬಿಗಿಯತಕ್ಕದ್ದು. ಚಕ್ರ ಹಾಕುವ ಮುಂಚೆ ಸ್ಟೀರಿಂಗನ್ನು ಕೊನೆಯಿಂದ ಕೊನೆಗೆ ತಿರುಗಿಸಿ, ಬ್ರೇಕಿನ ರಬ್ಬರು ಕೊಳವೆ ಎಲ್ಲಿಯೂ ಉಜ್ಜುತ್ತಿಲ್ಲ, ಎಳೆಯುತ್ತಿಲ್ಲ ಎಂದು ನೋಡಿ.

ಚಕ್ರಗಳ ನೇರವನ್ನು ಅಳೆಯುವುದು

ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿ, ನಾಲ್ಕು ಹೆಜ್ಜೆ ಮುಂದೆ ನೂಕಿ ನೇರಕ್ಕೆ ನಿಲ್ಲಿಸಿ. ಎರಡು ಮುಂಟೈರುಗಳ ಹಿಂಬದಿಯಲ್ಲಿ, ನೆಲದಿಂದ ಚಕ್ರದ ನಡುವಿನಷ್ಟು ಎತ್ತರಕ್ಕೆ, ಸೀಮೆಸುಣ್ಣದ ಗೆರೆ ಹಾಕಿ. ಎರಡು ಗೆರೆಗಳ ನಡುವೆ ಅಳೆಯಿರಿ. ಈಗ ಅದೇ ಗೆರೆಗಳು ಮುಂಬದಿಯಲ್ಲಿ ಅದೇ ಎತ್ತರಕ್ಕೆ ಬರುವವರೆಗೆ, ಅಂದರೆ ಚಕ್ರ ಅರ್ಧ ಸುತ್ತು ಬರುವಷ್ಟು, ಕಾರನ್ನು ಮುಂದೆ ನೂಕಿ ಮತ್ತೆ ಅಳೆಯಿರಿ. ಹಿಂದಿನ ಅಳತೆ 1224, ಮುಂದಿನದು 1222 ಮಿಲಿಮೀಟರ್ ಎಂದು ಬಂದರೆ ಚಕ್ರಗಳು ಮುಂದೆ 2 ಮಿಲಿಮೀಟರ್ ಒಳಮುಖವಾಗಿವೆ. ಎಷ್ಟಿರಬೇಕೆಂಬುದನ್ನು ಕೈಪಿಡಿಯಲ್ಲಿ ನೋಡಿ, ಎರಡು ಟೈ ರಾಡುಗಳನ್ನೂ ಸಮನಾಗಿ ಕಾಲುಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಬೇಕು. ಒಂದೇ ಬದಿಯನ್ನು ತಿರುಗಿಸಿದರೆ ಹಿಡಿಚಕ್ರ ಓರೆಯಾಗುತ್ತದೆ. ಸರಿಹೋದ ಮೇಲೆ ಚೆಕ್ ನಟ್ಟು ಬಿಗಿದು, ರಬ್ಬರ್ ಬೂಟು ತಿರುಚಿಕೊಂಡಿಲ್ಲವೆಂದು ನೋಡಿ ಕ್ಲಿಪ್ಪು ಹಾಕಿ. ಇದು ಕಾರನ್ನು ಅಲೈನ್‌ಮೆಂಟ್ ಅಂಗಡಿಯವರೆಗೆ ಒಯ್ಯಲು ಸಾಕಾದ ಅಳತೆ. ಕೊನೆಯ ಅಳತೆ ಅಲ್ಲಿಯೇ ಆಗಬೇಕು.

ಲೆಕ್ಕದ ತಾಳೆ

ಜಮಾ ಖರ್ಚು ತಾಳೆಯಾಗದೆ ಲೆಕ್ಕದ ಪುಸ್ತಕವನ್ನು ಮುಚ್ಚುವುದಿಲ್ಲವಷ್ಟೆ. ಅದೇ ನಿಯಮ ಇಲ್ಲಿಗೂ ಸಲ್ಲುತ್ತದೆ. ಬಿಚ್ಚಿದ್ದನ್ನೆಲ್ಲ ಒಂದು ಕಡೆ ಬರೆಯಿರಿ: ಚಕ್ರದ ನಟ್ಟು 8, ಬಾಲ್ ಜಾಯಿಂಟಿನ ನಟ್ಟು 2, ಚೆಕ್ ನಟ್ಟು 2, ಯು ಬೋಲ್ಟಿನ ನಟ್ಟು 4, ಪಿನಿಯನ್ ಬೋಲ್ಟು 1, ಬ್ಯಾಟರಿಯ ತಂತಿ 1. ಒಟ್ಟು 18. ಬಿಗಿದಾದ ಮೇಲೆ ಪ್ರತಿಯೊಂದರ ಮೇಲೂ ಬಣ್ಣದ ಒಂದು ಗೀರು ಎಳೆದು, ಪುಸ್ತಕದಲ್ಲಿ ಗುರುತು ಹಾಕಿ. ಆಮೇಲೆ ಬಿಗಿಯದೆ ಇದ್ದ ಇನ್ನೊಬ್ಬನು ಬಂದು ಗೀರುಗಳನ್ನು ಎಣಿಸಲಿ. ಹದಿನೆಂಟಕ್ಕೆ ಹದಿನೇಳು ಬಂದರೆ ಕಾರು ಅಂಗಳ ದಾಟಕೂಡದು.

ಮೊದಲ ಓಟ ಜನವಿಲ್ಲದ ಬಯಲಿನಲ್ಲಿ, ನಡಿಗೆಯ ವೇಗದಲ್ಲಿ ಆಗಲಿ. ಎರಡು ಕಡೆಗೂ ಪೂರಾ ತಿರುಗಿಸಿ, ಬ್ರೇಕು ಹಾಕಿ ನೋಡಿ. ತಿರುವಿನಿಂದ ಬಿಟ್ಟಾಗ ಹಿಡಿಚಕ್ರ ತಾನಾಗಿ ನೇರಕ್ಕೆ ಮರಳಬೇಕು. ಮರಳದಿದ್ದರೆ ಎಲ್ಲಿಯೋ ಬಿಗಿ ಹೆಚ್ಚಾಗಿದೆ. ಕೆಲವು ಹತ್ತು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಎಲ್ಲ ನಟ್ಟುಗಳನ್ನು ಮುಟ್ಟಿ ನೋಡಬೇಕು. ಹೊಸ ರಬ್ಬರು ಕುಳಿತುಕೊಂಡು ಹಿಡಿತ ತುಸು ಇಳಿದಿರುತ್ತದೆ. ಅದಾಗುವವರೆಗೆ 44ನೆಯ ಹೆದ್ದಾರಿಗೆ ಇಳಿಯಬೇಡಿ.

ಮಾರುತಿ 800 ಇರುವವರಿಗೆ

ನಮ್ಮ ವಾಚಕರಲ್ಲಿ ಹೆರಾಲ್ಡ್ ಮುಟ್ಟುವವರು ಕೆಲವರೇ. ಹಳೆಯ ಮಾರುತಿ 800 ಮುಟ್ಟುವವರು ಬಹಳ. 1983ರ ಡಿಸೆಂಬರಿನಿಂದ 2014ರ ಜನವರಿಯವರೆಗೆ ತಯಾರಾದ ಆ ಕಾರಿನಲ್ಲಿಯೂ ಇರುವುದು ರ‍್ಯಾಕೇ. ತತ್ತ್ವ, ಪರೀಕ್ಷೆ, ನಡು ಹುಡುಕುವ ಲೆಕ್ಕ, ತಾಳೆ ಎಲ್ಲವೂ ಒಂದೇ. ಅದರ ಪಾನಾ ಮಿಲಿಮೀಟರ್ ಅಳತೆಯದು. ಪ್ರತ್ಯೇಕ ಚಾಸಿ ಇಲ್ಲದ್ದರಿಂದ ರ‍್ಯಾಕನ್ನು ಒಡಲಿಗೇ ಬಿಗಿದಿರುತ್ತಾರೆ. ಜಾಗ ಇಕ್ಕಟ್ಟು, ಕೈ ಸಿಗುವುದು ಕಷ್ಟ. ಹೆರಾಲ್ಡಿನಲ್ಲಿ ಕಣ್ಣಿನಿಂದ ಕಲಿತದ್ದನ್ನು ಮಾರುತಿಯಲ್ಲಿ ಬೆರಳಿನಿಂದ ಮಾಡಬೇಕು.

ಕೊನೆಯದಾಗಿ ಒಂದು ಮಾತು. ಹಬ್ಬದ ಮುಂದೆ ಗ್ಯಾರೇಜಿನಲ್ಲಿ ಅವಸರ ಹೆಚ್ಚು. ಗಿರಾಕಿ ಬಾಗಿಲಲ್ಲಿ ನಿಂತಿರುತ್ತಾನೆ, ಉಸ್ತಾದನು ಕೂಗುತ್ತಿರುತ್ತಾನೆ, ಕೆಲಸದ ಹುಡುಗನಿಗೆ ಎದುರಾಡುವ ಧೈರ್ಯವಿರುವುದಿಲ್ಲ. ಅಂಥ ಹೊತ್ತಿನಲ್ಲಿಯೂ "ಉಸ್ತಾದ್, ಒಂದು ನಟ್ಟು ಲೆಕ್ಕಕ್ಕೆ ಸಿಗುತ್ತಿಲ್ಲ, ನೋಡಿಯೇ ಕೊಡೋಣ" ಎಂದು ಹೇಳುವುದು ಉದ್ಧಟತನವಲ್ಲ. ಆ ಕಾರಿನಲ್ಲಿ ಸಂಜೆ ಊರಿಗೆ ಹೋಗುವವರು ಯಾರದೋ ತಂದೆತಾಯಿಗಳು, ಮಕ್ಕಳು. ಅವರಿಗೆ ನಮ್ಮ ಹೆಸರು ಗೊತ್ತಿಲ್ಲ, ನಮ್ಮ ಕೈ ಮಾತ್ರ ಅವರೊಂದಿಗೆ ಇರುತ್ತದೆ. ಹಾಗೆ ಹೇಳಬಲ್ಲ ಹುಡುಗನನ್ನು ಒಳ್ಳೆಯ ಉಸ್ತಾದನು ಬಿಟ್ಟುಕೊಡುವುದಿಲ್ಲ.

ಈ ಪಾಠದಲ್ಲಿ ಅರ್ಥವಾಗದ ಮಾತು ಇದ್ದರೆ ವಾಚನಾಲಯದಲ್ಲಿ ಬಂದು ಕೇಳಬಹುದು. ಕೆಲಸ ಬಲ್ಲ ಬಂಧುಗಳು ಸೇರಿಸಬೇಕಾದ ಮಾತು ಇದ್ದರೆ ಬರೆದು ಕೊಡಬೇಕಾಗಿ ಪ್ರಾರ್ಥನೆ.